ಮೊಳೆಗೊಂದು ಹಕ್ಕಿ

ಮನುಷ್ಯ ಯಾವ ಕೆಲಸಕ್ಕೆ ಬೇಕಾದರೂ ಕೈ ಹಾಕಲಿ, ಅದು ಕೈಗೂಡುವ ಮೊದಲೇ ಗೋಡೆಗೆ ಮೊಳೆ ಹೊಡೆಯಬಾರದು. ಇದು ನಾನು ಅನುಭವಿಸಿ ಹೇಳುವ ಮಾತು. ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲಿಗೆ ಬಂದವರ ಕಣ್ಣಿಗೆ ನೇರ ಬೀಳುವ ಹಾಗೆ ಒಂದು ಮೊಳೆ ಇದೆ. ಕ್ಯಾಮೆರಾ ಮನೆಗೆ ಬಂದ ದಿನವೇ ಅದನ್ನು ಹೊಡೆದವನು ನಾನು. “ಇಲ್ಲಿ ನಾ ತೆಗದ ಹಕ್ಕಿ ಫೋಟೋ ಬರ್ತದ, ದೊಡ್ಡದು, ಕಟ್ಟು ಹಾಕಿಸಿದ್ದು” ಎಂದು ಹೆಂಡತಿಗೆ, ಅವ್ವನಿಗೆ, ಆ ಹೊತ್ತಿಗೆ ಹೆಪ್ಪಿಗೆ ಮೊಸರು ಕೇಳಲು ಬಂದಿದ್ದ ಪಕ್ಕದ ಮನೆಯವರಿಗೂ ಸಾರಿಬಿಟ್ಟೆ. ಮೂರು ವರ್ಷವಾಯಿತು. ಮೊಳೆಗೆ ತುಕ್ಕು ಹಿಡಿದಿದೆ. ಬಂದವರೆಲ್ಲ “ಇಲ್ಲೇನಿತ್ರಿ, ಯಾಕ ತೆಗದ್ರಿ?” ಎಂದು ಕೇಳುತ್ತಾರೆ. ಇರದೇ ಇದ್ದದ್ದನ್ನು ತೆಗೆದದ್ದು ಯಾಕೆ ಎಂದು ನಾನು ಏನಂತ ಹೇಳಲಿ?

ತಪ್ಪೆಲ್ಲ ನನ್ನದೇ ಅಲ್ಲ. ನಾನು ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ಕ್ಲಾರ್ಕ್. ಅಲ್ಲಿ ಮದುವೆ ಫೋಟೋ ತೆಗೆಯುವವರೊಬ್ಬರು ಹೊಸ ಕ್ಯಾಮೆರಾ ಕೊಂಡಾಗ ಅವರ ಹಳೆಯದು ನನಗೆ ದಾಟಿತು. ಅದರ ಸಂಸ್ಕಾರ ಪೂರ್ತಿ ಮದುವೆಮನೆಯದು. ಎದುರಿಗಿದ್ದವರು ಕುರ್ಚಿಯ ಮೇಲೆ ಕೂತು, ಸೆರಗು ಸರಿ ಮಾಡಿಕೊಂಡು, ಗುಂಡಿ ಒತ್ತುವ ತನಕ ಕಾಯಬೇಕು ಎಂದೇ ಅದು ತಿಳಿದಿದೆ. ಲೆನ್ಸು ಹಿಂದೆ ಮುಂದೆ ಸರಿದು, ಕುರ್ ಕುರ್ ಎಂದು ಯೋಚಿಸಿ, ಒಂದು ನಿರ್ಧಾರಕ್ಕೆ ಬರುವಷ್ಟರಲ್ಲಿ ಹಕ್ಕಿ ಕಾಳಗಿ ಊರನ್ನೇ ದಾಟಿರುತ್ತದೆ. ಮೇಲಾಗಿ ಅದಕ್ಕೆ ಮುಖದ ಹುಚ್ಚು. ಎಲ್ಲಿ ಮುಖ ಕಂಡರೂ ಅಲ್ಲಿಗೆ ಓಡುತ್ತದೆ. ಎಮ್ಮೆಯ ಬೆನ್ನ ಮೇಲೆ ಕೂತ ಬೆಳ್ಳಕ್ಕಿಗೆಂದು ಗುರಿ ಇಟ್ಟರೆ, ಎಮ್ಮೆಯ ಮುಖ ಮದುಮಗಳ ಮುಖದಷ್ಟು ನಿಚ್ಚಳವಾಗಿ ಬರುತ್ತದೆ.

ಈ ವರ್ಷ ಹೆಂಡತಿ ಮಹಾನಂದಾ ಕಟ್ಟುನಿಟ್ಟಾಗಿ ಹೇಳಿಬಿಟ್ಟಳು. “ಉಗಾದಿಗಿ ಮನಿಗಿ ಸುಣ್ಣ ಹಚ್ಚಸ್ತೀನ್ರಿ. ಅಷ್ಟರಾಗ ಒಂದು ಹಕ್ಕಿ ತರ್ರಿ. ಅತ್ತಿ ನೋಡಿ, ಇದು ಇಂಥಾ ಹಕ್ಕಿ ಅನ್ನಬೇಕು. ಇಲ್ಲಂದ್ರ ಮೊಳಿ ಕಿತ್ತಿ ತೂತು ಮುಚ್ಚಸ್ತೀನಿ. ಕ್ಯಾಮೆರಾ ಟ್ರಂಕಿನಾಗ.”

ನ್ಯಾಯ ಹೇಳಲು ಅವ್ವನನ್ನು ಕೂರಿಸಿದ್ದೇ ನನಗೆ ಮುಳುವಾಯಿತು. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಆಕೆ ತೊಗರಿಬೇಳೆಯೊಳಗಿನ ಹರಳನ್ನು ಕಟ್ಟೆಯ ಮೇಲಿಂದಲೇ ಗುರುತಿಸುತ್ತಾಳೆ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ನನ್ನ ಫೋಟೋ ನೋಡಲು ಕೂರುತ್ತಿದ್ದಳು. ಚಿಂಚೋಳಿ ಕಾಡಿನಲ್ಲಿ ಅರ್ಧ ದಿನ ಮುಳ್ಳಿನ ಮೇಲೆ ಕೂತು ತಂದ ನೀಲಕಂಠವನ್ನು ನೋಡಿ, “ಯಾರ ಸೀರಿನೋ ತಮ್ಮಾ ಇದು, ಗಾಳಿಗಿ ಹಾರಿ ಹೋಗ್ಯಾದ” ಎಂದಳು. ವಾಡಿಯ ಹತ್ತಿರ ಸಿಮೆಂಟ್ ಕಾರ್ಖಾನೆಯ ಧೂಳಿಗೆ ಬೇಲಿಯ ಎಲೆ, ರಸ್ತೆ, ಆಕಾಶ ಎಲ್ಲ ಒಂದೇ ಬೂದಿ ಬಣ್ಣ. ಅದರೊಳಗೆ ಒಂದು ಬೂದಿ ಬಣ್ಣದ ಹಕ್ಕಿ ಕೂತಿತ್ತು ಎಂಬುದಕ್ಕೆ ನಾನೊಬ್ಬನೇ ಸಾಕ್ಷಿ. “ಖಾಲಿ ಗ್ವಾಡಿ ಯಾಕ ತೆಗದಿ?” ಎಂದಳು ಅದನ್ನು ನೋಡಿ. ಬೆಳ್ಳಕ್ಕಿಯ ಫೋಟೋ ಮಾತ್ರ ಬಹಳ ಹೊತ್ತು ನೋಡಿದಳು. ನನಗೆ ಆಸೆ ಹುಟ್ಟಿತು. “ಎಮ್ಮಿ ಭಾಳ ಛಲೋ ಅದ ತಮ್ಮಾ. ಹೊತ್ತಿಗಿ ಎಷ್ಟು ಹಾಲು ಕೊಡ್ತದಂತ? ಬೆನ್ನ ಮ್ಯಾಲ ಸುಣ್ಣ ಸಿಡದಂಗ ಕಾಣಲಿಕತ್ತದ, ಒರಸಂತ ಹೇಳು.”

ಸುಣ್ಣಕ್ಕೆ ಮುಂಚಿನ ಕೊನೆಯ ಭಾನುವಾರ ಬೆಳಿಗ್ಗೆ ರೈಲು ಹತ್ತಿ ಶಹಾಬಾದಿಗೆ ಹೋದೆ. ಅಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದ ಹಳೆಯ ಗುಂಡಿಗಳಲ್ಲಿ ನೀರು ನಿಂತಿರುತ್ತದೆ, ನೀರಿದ್ದಲ್ಲಿ ಮಿಂಚುಳ್ಳಿ ಇರುತ್ತದೆ. ತಲೆಗೆ ಟೋಪಿ, ಕೊರಳಿಗೆ ಕ್ಯಾಮೆರಾ, ಬಗಲಿಗೆ ಚೈನು ಕೆಟ್ಟ ಚೀಲ. ಗುಂಡಿಯ ಅಂಚಿಗೆ ನಿಂತು ನೀರಿನ ಕಡೆ ನೋಡಿದೆನೋ ಇಲ್ಲವೋ, ಆಚೆ ಬದಿಯಲ್ಲಿ ಕಲ್ಲು ಒಡೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಗಣಿಯ ಯಜಮಾನರು ಮೋಟರ್ ಸೈಕಲ್ ಮೇಲೆ ಧೂಳೆಬ್ಬಿಸಿಕೊಂಡು ಬಂದರು.

“ಬರ್ರಿ ಸಾಹೇಬ್ರ, ನೆಳ್ಳಿಗಿ ಕುಂದ್ರಿ. ಮೊದಲೇ ಹೇಳಿದ್ರ ಸ್ಟೇಷನ್ನಿಗಿ ಗಾಡಿ ಕಳಸ್ತಿದ್ವಿ.”

“ನಾ ಸಾಹೇಬ ಅಲ್ರಿ. ಮಿಂಚುಳ್ಳಿ ಫೋಟೋ ತೆಗಿಲಿಕ್ಕಿ ಬಂದೀನಿ.”

“ಹೌದ್ರಿ, ಹೋದ ಸಲ ಗಣಿ ಅಳತಿಗಿ ಬಂದ ಸಾಹೇಬ್ರೂ ಮೊದಲು ಹಿಂಗೇ ಏನೋ ಅಂದಿದ್ರು. ನಮ್ಮ ಕಾಗದ ಎಲ್ಲಾ ಬರೋಬರಿ ಅದಾವ್ರಿ. ತರಸಲೇನು?”

“ಖರೇನ ಹಕ್ಕಿ ಸಲುವಾಗಿ ಸೇಡಂದಿಂದ ಬಂದೀನ್ರಿ.”

“ಹಕ್ಕಿ ಸಲುವಾಗಿ ಸೇಡಂದಿಂದ ಶಹಾಬಾದಕ್ಕ ಯಾರ್ ಬರ್ತಾರ್ರಿ ಸಾಹೇಬ್ರ?”

ಇದೇ ಪ್ರಶ್ನೆಯನ್ನು ಮಹಾನಂದಾ ಬೆಳಿಗ್ಗೆ ಬುತ್ತಿ ಕಟ್ಟುವಾಗ ಕೇಳಿದ್ದಳು. ಆಗ ಟೋಪಿ ಹಾಕಿಕೊಂಡು ಸ್ಟೇಷನ್ನಿಗೆ ಹೊರಟಿದ್ದೆ. ಈಗ ನೆರಳಿಗೆ ಹೋಗಿ ಕೂತೆ. ಒಂದು ಕೈಗೆ ಚಹಾ ಬಂತು, ಇನ್ನೊಂದು ಕೈಗೆ ಬಿಸ್ಕೀಟು ಬಂತು. ಎರಡೂ ಕೈ ತುಂಬಿದ ಆ ಗಳಿಗೆಯಲ್ಲೇ ಮಿಂಚುಳ್ಳಿಯೂ ಬಂತು. ನನ್ನಿಂದ ಎರಡು ಮಾರು ದೂರದಲ್ಲಿ, ನೆಲಕ್ಕೆ ನೆಟ್ಟಿದ್ದ ಹಾರೆಯ ತುದಿಗೆ, ಬಾಯಲ್ಲಿ ಮೀನು ಹಿಡಿದು ಕೂತಿತು. ಮದುಮಗಳಂತೆ ಕೂತಿತು. ನಾನು ಉಸಿರು ಬಿಗಿ ಹಿಡಿದು ಚಹಾದ ಕಪ್ಪನ್ನು ನೆಲಕ್ಕಿಟ್ಟೆ, ಬಿಸ್ಕೀಟು ಬಾಯಿಗಿಟ್ಟೆ, ಕ್ಯಾಮೆರಾ ಎತ್ತಿದೆ. ಲೆನ್ಸು ಕುರ್ ಎಂದಿತು. ನಾನು ಚಹಾ ಬಿಟ್ಟು ಒದ್ದಾಡುವುದನ್ನು ಕಂಡ ಯಜಮಾನರು ಹೆಗಲ ಮೇಲಿನ ವಲ್ಲಿ ಬೀಸಿ “ಹುಶ್” ಎಂದರು. “ಸಾಹೇಬ್ರಿಗಿ ಚಾ ಕುಡಿಲಿಕ್ಕೂ ಬಿಡವಲ್ದು ನೋಡ್ರಿ.” ಕ್ಯಾಮೆರಾದಲ್ಲಿ ಅವರ ಮುಖ ಬಹಳ ಚೆನ್ನಾಗಿ ಬಂದಿದೆ.

ಮನೆಗೆ ಬಂದವನೇ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಚೀಲವನ್ನು ಅದೇ ಮೊಳೆಗೆ ನೇತುಹಾಕಿದೆ. ಮೂರು ವರ್ಷದಲ್ಲಿ ಆ ಮೊಳೆ ಕಂಡ ಮೊದಲ ಭಾರ ಅದು. ಸುಣ್ಣದವರು ಬರುವ ತನಕ ಅಲ್ಲೇ ಇರಲಿ, ಆಮೇಲೆ ಟ್ರಂಕು ಇದ್ದೇ ಇದೆ ಎಂದುಕೊಂಡೆ.

ಸುಣ್ಣದವರು ಹೇಳಿದ ದಿನಕ್ಕೆ ಬರಲಿಲ್ಲ. ನಾಲ್ಕು ದಿನ ತಡವಾಗಿ ಬಂದು ಬುಟ್ಟಿ ಇಳಿಸಿ ಚೀಲಕ್ಕೆ ಕೈ ಹಾಕಿದರೆ, ಒಳಗಿನಿಂದ ಒಂದು ಗುಬ್ಬಿ ಪುರ್ ಎಂದು ಎದ್ದು ಬೆಳಕಿಂಡಿಯಿಂದ ಆಚೆ ಹೋಯಿತು. ಚೈನು ಕೆಟ್ಟ ಬಾಯಿಂದ ಜೋಳದ ಕಣಿಕೆಯ ಎಳೆ, ದಾರ, ಮಹಾನಂದಾಳ ಕೂದಲು ಜೋತಾಡುತ್ತಿದ್ದವು. ಅವ್ವ ಕೂತಲ್ಲಿಂದಲೇ ತೀರ್ಪು ಕೊಟ್ಟಳು. “ಕಟ್ಟಿದ ಗೂಡಿಗಿ ಕೈ ಹಚ್ಚಬ್ಯಾಡ್ರಿ. ಮರಿ ಹಾರಿ ಹೋಗೋತನಾ ಆ ಗ್ವಾಡಿ ಹಂಗೇ ಇರ್ಲಿ.”

ಹೀಗೆ ಮೊಳೆ ಉಳಿಯಿತು. ಈಗ ಹತ್ತು ಅಡಿ ದೂರದಲ್ಲಿ, ಬೆಳಕಿಂಡಿಯ ಒಳ್ಳೆಯ ಬಿಸಿಲಿನಲ್ಲಿ, ಒಂದು ಗುಬ್ಬಿ ದಿನವಿಡೀ ಚೀಲದ ಬಾಯಿಗೆ ಕೂತು ಅತ್ತ ಇತ್ತ ಕತ್ತು ತಿರುಗಿಸುತ್ತದೆ. ಹೆದರುವುದಿಲ್ಲ, ಹಾರುವುದಿಲ್ಲ, ಅವಸರವಿಲ್ಲ. ನನ್ನ ಕ್ಯಾಮೆರಾ ಅದರ ಮೊಟ್ಟೆಗಳ ಕೆಳಗಿದೆ. ನಾನು ಎದುರಿನ ಗೋಡೆಗೆ ಒರಗಿ, ಬಿಳಿ ಬನಿಯನ್ನಿನಲ್ಲಿ ಮಂಡಿ ಅಪ್ಪಿಕೊಂಡು ಕೂತು ಅದನ್ನೇ ನೋಡುತ್ತಿರುತ್ತೇನೆ.

ಮೊನ್ನೆ ನಾನು ಹಾಗೆ ಕೂತಿದ್ದಾಗ ಮಹಾನಂದಾ ಮೊಳೆಯ ಗೋಡೆಯ ಮಗ್ಗುಲಿಗೆ ನಿಂತು, ರೊಟ್ಟಿಯ ಹಿಟ್ಟು ಹತ್ತಿದ ಕೈಯಲ್ಲೇ ತನ್ನ ಫೋನ್ ಎತ್ತಿ ಒಂದು ಸಲ ಒತ್ತಿದಳು. ಅವ್ವನ ಮುಂದೆ ಹಿಡಿದಳು.

“ಗುಬ್ಬಿ” ಎಂದಳು ಅವ್ವ, ತಡವೇ ಮಾಡದೆ. “ಹೆಣ್ಣು ಗುಬ್ಬಿ. ಕೊಕ್ಕಿನಾಗ ಕಣಿಕಿ ಹಿಡದದ. ಭಾಳ ಛಲೋ ಬಂದದವ್ವಾ.” ಆಮೇಲೆ ಫೋನನ್ನು ಇನ್ನಷ್ಟು ಹತ್ತಿರ ತಂದು, ಹಿಂದೆ ಎದುರಿನ ಗೋಡೆಗೆ ಒರಗಿ ಬೆಳ್ಳಗೆ ಮಸುಕಾಗಿ ಕಾಣುತ್ತಿದ್ದುದನ್ನು ಬೆರಳಿಂದ ತೋರಿಸಿದಳು. “ಆದ್ರ ಈ ಜ್ವಾಳದ ಚೀಲ ಯಾಕ ಪಡಸಾಲ್ಯಾಗ ಇಟ್ಟೀರಿ? ಇಲಿ ಹತ್ತತಾವ. ಒಳಗ ಸರಸ್ರಿ.”

ನಾನು ಎದ್ದು ಒಳಗೆ ಸರಿದೆ.