ತುಟಿ ಒಡೆದ ಬೀಗರು

ಡಿಸೆಂಬರಿನ ಆ ರವಿವಾರ ಬೆಳಿಗ್ಗೆ ಬಿಂದುಮಾಧವರಾಯರು ಪೇಪರ್ ಓದುತ್ತ ಜೋರಾಗಿ ನಕ್ಕರು. ಕೆಳತುಟಿ ನಟ್ಟನಡುವೆ ಒಡೆಯಿತು.

ನಕ್ಕದ್ದು ಯಾವ ಸುದ್ದಿಗೆಂದು ಆಮೇಲೆ ಅವರಿಗೇ ನೆನಪಾಗಲಿಲ್ಲ. ನಗುವುದಕ್ಕೆ ಅವರಿಗೆ ದೊಡ್ಡ ಕಾರಣವೇನೂ ಬೇಕಾಗುತ್ತಿರಲಿಲ್ಲ. ಮಾಳಮಡ್ಡಿಯ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅವರು ನಕ್ಕರೆ, ಹಿಂದಿನ ಓಣಿಯವರು ರಾಯರು ಎದ್ದರೆಂದು ತಿಳಿದು ಚಹಾಕ್ಕೆ ಇಡುತ್ತಿದ್ದರು.

ಧಾರವಾಡದ ಚಳಿಗೆ ಅಬ್ಬರವಿಲ್ಲ. ಸದ್ದಿಲ್ಲದೆ ಬಂದು ಕೈಕಾಲಿಗೆ ಬೂದಿ ಬಳಿದಂತೆ ಮಾಡಿ, ಹಿಮ್ಮಡಿಯಲ್ಲಿ ಗೆರೆ ಕೊರೆದು ಹೋಗುತ್ತದೆ. ತುಟಿ ಒಡೆಯುವುದು ಇಲ್ಲಿ ಯಾರಿಗೂ ಹೊಸದಲ್ಲ. ಆದರೆ ಅವತ್ತು ಸಂಜೆ ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಬೀಗರಾಗಬೇಕಾದವರು ಬರುವವರಿದ್ದರು. ಮಗಳು ಋತುಜಾ, ಅವಳ ಬ್ಯಾಂಕಿನಲ್ಲೇ ಕೆಲಸ ಮಾಡುವ ಸೌರಭ ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿದ್ದರು. ಒಪ್ಪಬೇಕಾದವರು ಸೌರಭನ ತಾಯಿ ಇಂದಿರಾಬಾಯಿ. ಹುಡುಗಿ ಛಲೋ ಇದ್ದಾಳೆ, ಮನೆಮಂದಿಯನ್ನು ನೋಡದೆ ಹೂಂ ಅನ್ನಲಾರೆ ಎಂದಿದ್ದರಂತೆ.

"ಅಪ್ಪಾ, ನೀ ಬ್ಯಾರೆ ಏನೂ ಮಾಡಬ್ಯಾಡ. ಯಾವಾಗಿನಂಗ ನಕ್ಕೋತ ಮಾತಾಡು, ಸಾಕು," ಎಂದು ಋತುಜಾ ಹಿಂದಿನ ದಿನವೇ ಹೇಳಿದ್ದಳು. "ನಿನ್ನ ನಗಿ ನೋಡಿ ಒಲ್ಲೆ ಅನ್ನೋರು ಯಾರದಾರ?"

ಆ ನಗುವಿನಿಂದಲೇ ಈಗ ರಕ್ತ ಜಿನುಗುತ್ತಿತ್ತು.

ಹೆಂಡತಿ ಮೃಣಾಲಿನಿ ತುಪ್ಪ ಹಚ್ಚಿದರು. ರಾಯರು ನೆಕ್ಕಿದರು. ಮತ್ತೆ ಹಚ್ಚಿದರು, ಮತ್ತೆ ನೆಕ್ಕಿದರು.

"ತುಟಿಗೆ ಹಚ್ಚೇನಿ, ದ್ವಾಸಿಗಲ್ಲ," ಎಂದು ಮೃಣಾಲಿನಿ ತುಪ್ಪದ ಬಟ್ಟಲನ್ನು ಎತ್ತಿಟ್ಟುಬಿಟ್ಟರು.

ಅಷ್ಟರಲ್ಲಿ ಪಕ್ಕದ ಮನೆಯ ಚನ್ನಬಸವ್ವನಿಗೆ ಸುದ್ದಿ ಮುಟ್ಟಿತು. ಮಾಡುತ್ತಿದ್ದ ರೊಟ್ಟಿ ಬಿಟ್ಟು, ಹಿಟ್ಟಿನ ಕೈಯಲ್ಲೇ ಜೇನು ತಂದಳು ಪುಣ್ಯಾತ್ಮೆ. ಲಗೂ ಗುಣವಾಗಲೆಂದು ಅದಕ್ಕೆ ಲಿಂಬೆಯನ್ನೂ ಹಿಂಡಿದ್ದಳು. ರಾಯರ ಕಣ್ಣಿನಲ್ಲಿ ನೀರು ಬಂತು. ಆಮೇಲೆ ಕಟ್ಟೆಯ ಮೇಲಿದ್ದ ಇರುವೆಗಳೂ ಬಂದವು.

ಆಕೆಯ ಗಂಡ ಗುರುಸಿದ್ದಯ್ಯ ಸಾಲೆಯಲ್ಲಿ ಆಟದ ಮಾಸ್ತರರಾಗಿದ್ದವರು. ಹುಡುಗರ ಉಳುಕಿಗೂ ನೆಗಡಿಗೂ ಒಂದೇ ಡಬ್ಬಿಯ ಮುಲಾಮು ಹಚ್ಚಿ ಸೇವೆ ಮುಗಿಸಿದ್ದರು. ಆ ಡಬ್ಬಿ ಇನ್ನೂ ಅವರ ಕಿಸೆಯಲ್ಲೇ ಇತ್ತು. ರಾಯರು ಬೇಡವೆನ್ನಲು ಬಾಯಿ ತೆರೆದರು. ತೆರೆದ ತುಟಿಗೆ ಹಚ್ಚುವುದು ಇನ್ನಷ್ಟು ಸುಲಭವಾಯಿತು.

"ಉರಿತೈತಿ ಅಂದ್ರ ಕೆಲಸಾ ಮಾಡಾಕತ್ತೈತಿ ಅಂತ ತಿಳೀರಿ," ಎಂದು ಗುರುಸಿದ್ದಯ್ಯ ಬೆನ್ನು ತಟ್ಟಿದರು.

ಅದು ಬಹಳ ಕೆಲಸ ಮಾಡಿತು. ಮಧ್ಯಾಹ್ನದ ಹೊತ್ತಿಗೆ ರಾಯರ ಕೆಳತುಟಿ ಆಗತಾನೆ ಎಣ್ಣೆಯಿಂದ ತೆಗೆದ ಮಿರ್ಚಿ ಭಜಿಯಂತೆ ಉಬ್ಬಿತು. ಗುರುಸಿದ್ದಯ್ಯ ಅದನ್ನು ನೋಡಿ, ಇನ್ನೊಂದು ಕೈ ಹಚ್ಚೋಣವೇ ಎಂದರು.

ಕಡೆಗೆ ಎದುರು ಮನೆಯ ರೆಹಮತ್‌ಬಿ ಬಂದಳು. ಮನೆ ತುಂಬ ನೆಂಟರಿದ್ದರೂ ಬಂದಿದ್ದಳು. ಮೇಣದ ಗಡ್ಡೆಯಂತಿದ್ದ ಮುರುಗಲ ಬೀಜದ ತುಪ್ಪವನ್ನು ಚಮಚದಲ್ಲಿ ಕರಗಿಸಿ, ಹತ್ತಿಯಿಂದ ಹಗುರಾಗಿ ಹಚ್ಚಿಕೊಟ್ಟಳು. ಉರಿ ಆರಿತು, ಬಾವು ಇಳಿಯಿತು.

"ಬಾಯಿ ಮುಚ್ಚಿದ್ರ ಏನೂ ಕಾಣಂಗಿಲ್ಲ ಅಣ್ಣಾರ. ಆದ್ರ ಇವತ್ತ ನಕ್ಕೀರಂದ್ರ ಮತ್ತ ಒಡೀತೈತಿ ನೋಡ್ರಿ," ಎಂದಳು.

ಬಂದವರಿಗೆ ಇದ್ದದ್ದನ್ನು ಹೇಳಿಬಿಡೋಣವೆಂದು ರಾಯರು ಸನ್ನೆಯಲ್ಲಿ ಕೇಳಿದರು. ಮೃಣಾಲಿನಿ ಒಪ್ಪಲಿಲ್ಲ. ಚರ್ಮದ ರೋಗ ಅಂದುಕೊಂಡಾರು, ಮನೆತನದ್ದೇ ಅಂದಾರು, ಆಮೇಲೆ ಹುಡುಗಿಯ ಗತಿ ಏನು ಎಂದರು. ರಾಯರು ಬಾಯಿ ಮುಚ್ಚಿಕೊಂಡರು.

ಸಂಜೆ ಬಂದ ಇಂದಿರಾಬಾಯಿ ಹೊಲಿಗೆ ಯಂತ್ರದ ಸೂಜಿಯಂತೆ ನೆಟ್ಟಗೆ ಕೂತರು. ಗಂಡ ವ್ಯಂಕಟೇಶರಾವ ರೈಲ್ವೆಯಿಂದ ನಿವೃತ್ತರಾದ ಗಾರ್ಡು, ದೊಡ್ಡ ದನಿಯ ಮನುಷ್ಯ. ಕೂತವರೇ ಶುರುಮಾಡಿದರು.

"ರಾಯರ, ನಾ ಹಸಿರು ಬಾವುಟಾ ಬೀಸಿದ್ರ ಇಡೀ ರೈಲು ಹೊಂಡತಿತ್ರಿ. ಕೆಂಪು ತೋರಿಸಿದ್ರ ನಿಂದರತಿತ್ತು. ಮನ್ಯಾಗ ಇಕಿ ಮುಂದ ಯಾವ ಬಾವುಟಾ ಹಿಡದ್ರೂ ಗಾಡಿ ನಿಂದ್ರಂಗಿಲ್ಲ."

ಹಿರಿಯರೆಂದು ಬಂದು ಕೂತಿದ್ದ ಗುರುಸಿದ್ದಯ್ಯ ತೊಡೆ ತಟ್ಟಿ ನಕ್ಕರು. ಮೃಣಾಲಿನಿ ಸೆರಗು ಬಾಯಿಗೆ ಹಿಡಿದರು. ರಾಯರ ನಗು ಹೊಟ್ಟೆಯಿಂದ ಗಂಟಲವರೆಗೆ ಬಂತು, ಬಾಗಿಲು ಹಾಕಿದ್ದನ್ನು ಕಂಡಿತು, ತಿರುಗಿ ಹೋಯಿತು. ಅವರು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ "ಹೂಂ" ಎಂದರು. ಚಳಿಗೆ ಫ್ಯಾನು ಹಾಕಿದ್ದು ಯಾರೆಂದು ಯಾರೂ ಕೇಳಲಿಲ್ಲ.

ತಿಳಿಯಲಿಲ್ಲವೇನೋ ಎಂದು ವ್ಯಂಕಟೇಶರಾವ ಅದನ್ನೇ ಕೈಯಿಂದ ಬಾವುಟ ಬೀಸಿ ಮತ್ತೊಮ್ಮೆ ಹೇಳಿದರು. ಆಮೇಲೆ ಟಿಕೆಟ್ ಇಲ್ಲದ ಎಮ್ಮೆಯ ಜೋಕು, ಆಮೇಲೆ ಗದಗ ಸ್ಟೇಷನ್ನಿನದು. ಎಲ್ಲಕ್ಕೂ ರಾಯರದು ಒಂದೇ ಹೂಂ. ಸೌರಭ ತನ್ನ ಕಾಲ್ಬೆರಳುಗಳನ್ನೇ ನೋಡುತ್ತ ಕೂತ. ಚಹಾ ತಂದ ಋತುಜಾಳ ಮುಖ ಬಾಡಿತು. ಇಂದಿರಾಬಾಯಿ ಮಾತ್ರ ರೆಪ್ಪೆ ಬಡಿಯದೆ ರಾಯರನ್ನೇ ನೋಡುತ್ತಿದ್ದರು. ಹೊರಡುವಾಗ, ಫೋನ್ ಮಾಡುತ್ತೇವೆ ಎಂದಷ್ಟೇ ಹೇಳಿದರು.

ಋತುಜಾ ಕಪ್ಪುಗಳನ್ನು ತೊಳೆದಳು. ತೊಳೆದವುಗಳನ್ನೇ ಮತ್ತೆ ತೊಳೆದಳು. ಚನ್ನಬಸವ್ವ ಒರೆಸುವ ಅರಿವೆ ಹಿಡಿದು ಅವಳ ಪಕ್ಕ ನಿಂತಳು. ಅಡುಗೆಮನೆಯ ಬಾಗಿಲಲ್ಲಿ ನಿಂತ ರಾಯರಿಗೆ, ತುಟಿ ಹರಿದು ಎರಡಾಗಿದ್ದರೂ ನಗಬೇಕಿತ್ತು ಅನ್ನಿಸಿತು.

ಫೋನ್ ಬಂತು. ಮೃಣಾಲಿನಿ ಸ್ಪೀಕರ್ ಒತ್ತಿದರು.

"ನಮಗ ಒಪ್ಪಿಗಿ ಅದರಿ," ಎಂದಿತು ಇಂದಿರಾಬಾಯಿಯವರ ದನಿ. "ಇವರ ಆ ಬಾವುಟದ ಜೋಕಿಗೆ ನಗಲಾರದ ಗಂಡಸನ್ನ ನಾ ಇವತ್ತ ಮೊದಲನೇ ಸಲ ನೋಡಿದೆ. ಮದಿವ್ಯಾದಾಗಿಂದ ಊರಮಂದಿ ಎಲ್ಲಾ ನನ್ನ ಮ್ಯಾಲೆ ನಕ್ಕಾರ್ರಿ. ಹೆಣ್ಣಮಕ್ಕಳ ಮರ್ಯಾದಿ ಗೊತ್ತಿದ್ದ ಮನಿತನಾ ನಿಮ್ಮದು. ರಾಯರು ಸಾಯೂತನಕಾ ಹಿಂಗಽ ಇರಲಿ."

ಸಂತೋಷ ತಡೆಯಲಾರದೆ ರಾಯರು ಬಾಯಿ ತೆರೆದರು. ಋತುಜಾ ಓಡಿಬಂದು ಸಾಬೂನಿನ ಕೈಯಿಂದಲೇ ಅವರ ಬಾಯಿ ಮುಚ್ಚಿದಳು.

"ಅಪ್ಪಾ, ಫೋನ್ ಚಾಲೂ ಅದ," ಎಂದು ಪಿಸುಗುಟ್ಟಿದಳು.

ಅಷ್ಟರಲ್ಲಿ ಫೋನು ವ್ಯಂಕಟೇಶರಾವ ಅವರ ಕೈಗೆ ಹೋಗಿತ್ತು. "ರಾಯರ, ನನ್ನ ಜೋಕಿಗೆ ಹಿಂಗ ಯಾರೂ ಅವಮಾನ ಮಾಡಿಲ್ರಿ. ನಿಮ್ಮನ್ನ ನಗಸಲಾರದಽ ನಾ ಬಿಡಾಂವಲ್ಲ. ಪ್ರತಿ ರವಿವಾರ ಬರ್ತೇನಿ."

"ನಾನೂ ಬರ್ತೇನಿ," ಎಂದಿತು ಹಿಂದಿನಿಂದ ಇಂದಿರಾಬಾಯಿಯವರ ದನಿ.

ಫೋನ್ ಇಟ್ಟ ಮೇಲೆ ಮೃಣಾಲಿನಿ ಗಂಡನ ತುಟಿಗೆ ಹತ್ತಿದ ಸಾಬೂನನ್ನು ಸೆರಗಿನಿಂದ ಒರೆಸುತ್ತ, "ಹೆದರಬ್ಯಾಡ್ರಿ, ಸಂಕ್ರಾಂತಿ ಆದ್ರ ಚಳಿ ಕಡಿಮಿ ಆಗ್ತದ, ತುಟಿ ತಾನಽ ಕೂಡ್ತದ," ಎಂದು ಸಮಾಧಾನ ಹೇಳಿದರು.

ರಾಯರು ತುಟಿ ಅಲುಗಿಸದೆ ಕೇಳಿದರು: "ಕೂಡಿದ್ರ ಏನ್ ಮಾಡ್ಲಿ?"