ಕಾಕಾನ ವೈರಸ್ ಲೆಕ್ಕ

ನೀವು ಕೆಮ್ಮಿದರೆ ನಮ್ಮ ಕಾಕಾನಿಗೆ ಕನಿಕರ ಹುಟ್ಟುವುದಿಲ್ಲ, ಸಮೀಕರಣ ಹುಟ್ಟುತ್ತದೆ. ಅಪ್ಪನ ತಮ್ಮ, ಮುದ್ದೇಬಿಹಾಳದ ಕಾಲೇಜಿನಲ್ಲಿ ಗಣಿತ ಕಲಿಸುವ ಈ ಮನುಷ್ಯ ನಮ್ಮ ಮೈಯನ್ನು ಆಲಮಟ್ಟಿ ಅಣೆಕಟ್ಟು ಎಂದೇ ತಿಳಿದಿದ್ದಾನೆ. ವೈರಸ್ಸಿನ ಒಳಹರಿವು ಎಷ್ಟು, ಮೈ ಹೊರಗೆ ಬಿಡುವುದೆಷ್ಟು, ಯಾವ ದಿನ ತುಂಬಿ ಯಾವ ದಿನ ಇಳಿಯುತ್ತದೆ, ಎಲ್ಲಕ್ಕೂ ಅವನ ಬಳಿ ಒಂದು ಗೆರೆ ಇದೆ.

ಒಮ್ಮೆ ನನ್ನ ಅಕ್ಕನನ್ನು ನೋಡಲು ಇಂಡಿ ಊರಿನಿಂದ ಬಂದ ಹುಡುಗನ ಅಪ್ಪ ಚಹಾ ಕುಡಿಯುತ್ತ ಕೆಮ್ಮಿದರು.

"ಎಷ್ಟನೇ ದಿನಾರೀ ಇದು?" ಕಾಕಾ ಕೇಳಿದ.

"ನಿನ್ನೆ ಸಂಜಿಯಿಂದರಿ."

"ಹಂಗಾರ ಇನ್ನೂ ಏರಾಕತ್ತೈತಿ. ನಾಡಿದ್ದ ಭಾಳ ತ್ರಾಸ್ ಆಕ್ಕೈತಿ ನೋಡ್ರಿ."

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಕಾಕಾ ಹೇಳಿದ ಆ ನಾಡಿದ್ದೇ ಫೋನು ಬಂತು. ಹೇಳಿದಷ್ಟೇ ತ್ರಾಸಾಗಿದೆಯಂತೆ, ಸಂಬಂಧ ಬೇಡವಂತೆ!

ನಾನು ದಿನಚರಿ ಇಡುವವಳು. ಕಳೆದ ವರ್ಷ ಕಾಕಾ ಹೀಗೆ ವಿಚಾರಿಸಿದ್ದು ನಲವತ್ತೊಂದು ಮಂದಿಯನ್ನು. ಉಪಕಾರವಾಯಿತು ಎಂದವರು ಮೂವರು. ಅವರಲ್ಲಿ ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ.

ಈ ಸಲ ಡೆಂಗಿ ಬಂದದ್ದು ಕಾಕುವಿಗೆ, ಅಂದರೆ ಕಾಕಾನ ಹೆಂಡತಿಗೆ. ಡಾಕ್ಟರು ಗುಳಿಗೆ ಕೊಟ್ಟು ಮನೆಗೆ ಕಳಿಸಿದ್ದರು. ನಾಲ್ಕು ದಿನ ನಾನೇ ಜ್ವರ ಅಳೆದು ಬರೆದೆ: ೧೦೨, ೧೦೪, ೧೦೩, ೧೦೩. ಐದನೆಯ ಬೆಳಿಗ್ಗೆ ೯೮. ಜ್ವರ ಬಿಟ್ಟ ದಿನ ತಲೆಗೆ ನೀರೆರೆದು ಬಿಸಿ ಅನ್ನ ಉಣ್ಣಿಸುವುದು ನಮ್ಮ ಮನೆಯ ಪದ್ಧತಿ. ಅಜ್ಜಿ ಹಂಡೆಗೆ ಉರಿ ಹಚ್ಚಿದಳು. ಕಾಕಾ ಬಂದು ಒಲೆಗೇ ನೀರು ಸುರಿದ.

"ಜ್ವರ ಬಿಟ್ಟಾವಲ್ಲೋ. ಅಕಿ ಜಳಕಾ ಮಾಡಬಾರದೇನು?"

"ವೈರಸ್ ಇಳದೈತಿ ಅವ್ವಾ. ಅದಕ್ಕ ಅಂಜಾಕತ್ತೇನಿ. ಅದನ್ನ ಹೊಡ್ಯಾಕ ಎದ್ದ ಮೈ ಇನ್ನಾ ಸುಮ್ಮನಾಗಿಲ್ಲ. ರಕ್ತನಾಳ ಸೋರೂದು ಈಗ. ಮಗಳ, ಗಾಡಿ ಕರಿ."

"ಜ್ವರ ಇದ್ದಾಗ ಮನ್ಯಾಗ, ಬಿಟ್ಟ ಮ್ಯಾಲ ದವಾಖಾನಿಗೆ. ಎಂಥಾ ಶಾಣ್ಯಾನ್ನ ಹಡದೇನಿ ನಾನು," ಅಂದಳು ಅಜ್ಜಿ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಕುವಿನ ಕೈಕಾಲು ತಣ್ಣಗಾಗಿದ್ದವು, ನಾಡಿ ಕೈಗೆ ಸಿಗುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ಸಿಂದಗಿಯ ಹುಡುಗಿಯೊಬ್ಬಳಿದ್ದಳು. ಜ್ವರ ಬಿಟ್ಟಿತೆಂದು ಎರಡು ದಿನ ಮನೆಯಲ್ಲೇ ಇಟ್ಟುಕೊಂಡಿದ್ದರಂತೆ. ಸಂಜೆ ಅವಳನ್ನು ಮುಸುಕು ಹಾಕಿ ಒಯ್ದರು. ಅಜ್ಜಿ ಎದ್ದು ಬಂದು ಕಾಕುವಿನ ಹೊದಿಕೆ ಸರಿಮಾಡಿದಳು.

"ಕಾಕಾ, ಕಾಕುಂದು ಲೆಕ್ಕ ಏನ ಹೇಳತೈತಿ?" ನಾನು ಕೇಳಿದೆ.

"ಮಾಡಿಲ್ಲ."

"ಯಾಕ?"

"ಉತ್ತರ ಬಂದ್ರ?"

ಮಂಚದ ತುದಿಗೆ ಕುಳಿತು ಕಾಕುವಿನ ಪಾದಗಳನ್ನು ಅಂಗೈಗಳ ನಡುವೆ ಹಿಡಿದವನು ಏಳಲೇ ಇಲ್ಲ. ಮೂತ್ರ ಸರಿಯಾಗಿ ಬಂದರೆ ಜೀವ ಉಳಿದಂತೆ ಎಂದಿದ್ದರು ಡಾಕ್ಟರು. ಗಂಟೆಗೊಮ್ಮೆ ಅದನ್ನು ಬರೆಯುವುದು ನನ್ನ ಕೆಲಸ. ಸೊನ್ನೆ, ಹತ್ತು, ಮತ್ತೆ ಸೊನ್ನೆ, ಸೊನ್ನೆ.

ಮರುದಿನ ಮಧ್ಯಾಹ್ನ ಸಿಸ್ಟರ್ ಮಂಚದ ಕೆಳಗಿನ ಮೂತ್ರದ ಚೀಲವನ್ನು ಎತ್ತಿ ಬೆಳಕಿಗೆ ಹಿಡಿದು ನಕ್ಕರು. ಎಷ್ಟು ಮಿಲಿ ಎಂದು ಓದಿಕೊಳ್ಳಲು ನಾನು ಪೆನ್ನು ತೆಗೆದು ಬಾಗಿದೆ.

"ಎಷ್ಟರ ಇರ್ಲಿ ಮಗಳ," ಅಂದ ಕಾಕಾ, ಪಾದ ಬಿಡದೆ. "ಬಂತು ಅಂತ ಬರಿ."