ಮಾವನ ಅರ್ಜಿ, ವಿರೋಧಿಯ ಕೈಬರಹ

ವಡೋದರಾದ ರಸ್ತೆಗಳನ್ನೆಲ್ಲ ಅಗಲ ಮಾಡಿಸಿದ್ದು ನನ್ನ ಸೋದರಮಾವ. ಈ ಸಂಗತಿ ಮಹಾನಗರಪಾಲಿಕೆಗೆ ಗೊತ್ತಿಲ್ಲ, ಮಾವನಿಗೆ ಮಾತ್ರ ಗೊತ್ತು! ಅದೇ ಊರಿನ ಮಕರಪುರದಲ್ಲಿ ಉಡುಪಿ ಹೋಟೆಲು ನಡೆಸುವ ಅವರು ಬೆಳಗ್ಗೆ ಇಡ್ಲಿ ಹಿಟ್ಟು ಉಬ್ಬಿದೆಯೋ ಎಂದು ನೋಡುವ ಮೊದಲು ಟೀವಿಯಲ್ಲಿ ಪಾಲಿಕೆಯ ಬಜೆಟ್ ಸುದ್ದಿ ನೋಡುತ್ತಾರೆಂದರೆ ನಂಬುತ್ತೀರಾ? ಸಾಲ ಮಾಡಿಯಾದರೂ ಸೇತುವೆ ಕಟ್ಟಬೇಕು, ಊರು ಬೆಳೆಯಬೇಕು. ಇದು ಮಾವನ ಅರ್ಥಶಾಸ್ತ್ರ.

ಇದಕ್ಕೆ ವಿರೋಧ ಪಕ್ಷವೆಂದರೆ ಒಬ್ಬರೇ: ಹತ್ತಿರದ ಕೊಯಾಲಿಯ ತೈಲ ರಿಫೈನರಿಯಿಂದ ನಿವೃತ್ತರಾದ ಗುಜರಾತಿ ಹಿರಿಯರು. ನಾನು ಕಾಲೇಜು ಓದಲು ಮಾವನ ಮನೆಯಲ್ಲಿದ್ದ ಆ ವರ್ಷಗಳಲ್ಲಿ ಅವರನ್ನು ಕಾಕಾ ಎನ್ನುತ್ತಿದ್ದೆ. ದಿನಾ ಬೆಳಗ್ಗೆ ರಸ್ತೆ ಕಡೆಯ ಮೇಜಿಗೆ ಬಂದು ಕೂತು, "ಮೊದಲು ಇರುವ ಚರಂಡಿ ಸರಿ ಮಾಡಲಿ, ಸೇತುವೆ ಆಮೇಲೆ" ಎಂದು ಶುರುಮಾಡುತ್ತಿದ್ದರು. ಮಾವನ ಗುಜರಾತಿ ಬಿಸಿಯೇರಿದಂತೆಲ್ಲ ಅರ್ಧ ಕುಂದಾಪುರದ್ದಾಗುತ್ತಿತ್ತು. ಎರಡನೇ ಸಲ ಸಾಂಬಾರು ಕೇಳಿದ ಗಿರಾಕಿ ಮೊದಲು ಸೇತುವೆ ಬೇಕೋ ಬೇಡವೋ ಹೇಳಬೇಕಿತ್ತು. ಬೇಡ ಎಂದವರಿಗೆ ಸಾಂಬಾರು ತಡ. ಕಾಕಾಗೆ ಮಾತ್ರ ಕೇಳದೆಯೇ ಬರುತ್ತಿತ್ತು.

ನಿಜವಾದ ತಮಾಷೆ ಬೇರೆಯೇ ಇದೆ. ಪಾಲಿಕೆ ಯಾವ ಯೋಜನೆಗೆ ಜನರ ಅಭಿಪ್ರಾಯ ಕೇಳಿದರೂ ಮಾವನ ಅರ್ಜಿ ಹೋಗಲೇಬೇಕು. ಆದರೆ ಮಾವನಿಗೆ ಗುಜರಾತಿ ಮಾತಾಡಲು ಬರುತ್ತದೆ, ಓದಲು ಬರೆಯಲು ಬಾರದು. ಬರೆದುಕೊಡುವವರು ಯಾರು? ಕಾಕಾ! ತಮ್ಮ ವಿರೋಧದ್ದೊಂದು, ಮಾವನ ಬೆಂಬಲದ್ದೊಂದು, ಎರಡೂ ಅದೇ ಮೇಜಿನ ಮೇಲೆ, ಅದೇ ಪೆನ್ನಿನಲ್ಲಿ.

"ಅವರು ಉಲ್ಟಾ ಬರೆದ್ರೆ ನಿಮಗೆ ಗೊತ್ತಾಗ್ತದಾ ಮಾವ?" ಎಂದು ಒಮ್ಮೆ ಕೇಳಿದೆ.

"ಅವ ವಿರೋಧಿ ಮಾರಾಯ, ಮೋಸಗಾರ ಅಲ್ಲ."

ಮೋಸ ಹಾಗಿರಲಿ, ಮಾವ ಮರೆತ ಅಂಶಗಳನ್ನೂ ಕಾಕಾ ನೆನಪಿಸಿ ಸೇರಿಸುತ್ತಿದ್ದರು.

ಒಂದು ಸಲ ರಸ್ತೆ ಅಗಲ ಮಾಡುವ ಯೋಜನೆ ನೇರ ಹೋಟೆಲಿಗೇ ಬಂತು. ಮುಂದಿನ ಗೋಡೆಗೆ ಕೆಂಪು ಗುರುತು ಬಿತ್ತು. ಕಾಕಾ ಪೆನ್ನು ತೆಗೆದು, "ಈ ಸಲವಾದರೂ ಬೇಡ ಅಂತ ಬರೆಯಲಾ?" ಎಂದರು.

"ಗೋಡೆ ನಂದು ಅಂತ ಮಾತು ಬದಲಿಸ್ಲಿಕ್ಕೆ ಆಗ್ತದಾ? ಬೇಕು ಅಂತಲೇ ಬರಿ."

ಕಾಕಾ ಬರೆದರು. ಮಾವ ಸಹಿ ಹಾಕಿ ಅಡುಗೆಮನೆಗೆ ಹೋದ ಮೇಲೆ, ಆ ಗೋಡೆ ಉಳಿಸಬೇಕೆಂದು ತಮ್ಮ ಹೆಸರಿನಲ್ಲಿ ನಾಲ್ಕು ಪುಟ ಬರೆದರು. ಗೋಡೆ ಉಳಿಯಲಿಲ್ಲ. ಕಾಕಾ ಕೂರುವ ಮೇಜು ರುಬ್ಬುವ ಯಂತ್ರದ ಪಕ್ಕಕ್ಕೆ ಸರಿಯಿತು, ಆ ಗದ್ದಲ ಮೀರಿಸಲು ಇಬ್ಬರೂ ಇನ್ನಷ್ಟು ಜೋರಾಗಿ ಜಗಳವಾಡಿದರು.

ಹೋದ ವರ್ಷ ಕಾಕಾ ತೀರಿಕೊಂಡರು. ಈಚೆಗೆ ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಗೆ ರಜೆ ಹಾಕಿ ಮಾವನನ್ನು ನೋಡಲು ಹೋಗಿದ್ದೆ. ಅಂದು ಹೊಸ ಮೇಲ್ಸೇತುವೆಯ ಕುರಿತು ವಾರ್ಡಿನ ಸಭೆಯಿತ್ತು. ಮಾವ ಎದ್ದು ನಿಂತರು.

"ಮೊದಲು ಇರುವ ಚರಂಡಿ ಸರಿ ಮಾಡಿ, ಸೇತುವೆ ಆಮೇಲೆ" ಎಂದರು.

ನಾನು ನಗು ತಡೆದುಕೊಂಡು ಕೂತೆ, ಸಭೆ ಮುಗಿದು ಇಬ್ಬರೂ ಹೊರಗೆ ಬಂದ ಮೇಲೆ ಕೇಳಿದೆ: "ಎಂತ ಮಾವ, ಪಕ್ಷ ಬದಲಿಸಿದ್ರಾ?"

"ಇಲ್ಲ ಮಾರಾಯ, ಸೇತುವೆ ಆಗ್ಲೇಬೇಕು." ಮಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. "ನನ್ನದನ್ನು ಅವ ಇಷ್ಟು ವರ್ಷ ಬರೆದ. ಈಗ ಅವನದ್ದು ಹೇಳ್ಲಿಕ್ಕೆ ಯಾರಿದ್ದಾರೆ?"